ಬಲಗಡೆ ಹೂವು, ಒಂದು ಪಾಯಿಂಟು

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಒಂದು ಸೋಮವಾರ. ಏಳನೇ ಕ್ಲಾಸಿನಲ್ಲಿದ್ದೆ. ಕುಣಿಗಲ್ ಕೆರೆ ಏರಿ ಮೇಲೆ ಸ್ಕೂಲಿಗೆ ಅಂತ ನಡೆದುಕೊಂಡು ಹೋಗ್ತಿದ್ದಾಗ ಹುಲ್ಲಿನ ಲಾರಿಯೊಂದು ಪಕ್ಕಕ್ಕೆ ನಿಂತಿತ್ತು. ಡ್ರೈವರ್ ಬೀಡಿ ಹಚ್ಚಿಕೊಳ್ಳುತ್ತಾ, "ಎಲ್ಲಿಗ್ಲಾ?" ಅಂದ. ಸ್ಕೂಲಿಗೆ ಅನ್ನೋಕೆ ಬಾಯಿ ತೆರೆದವನು, "ನೀವೆಲ್ಲಿಗೆ ಹೋಗ್ತಿದೀರೋ ಅಲ್ಲಿಗೆ" ಅಂದುಬಿಟ್ಟೆ. ಅಲ್ಲಿಗೆ ನನ್ನ ಗಣಿತ ಮುಗೀತು, ಭೂಗೋಳ ಶುರುವಾಯ್ತು.

ಆಮೇಲೆ ಲಾರಿ ಕ್ಲೀನರ್ ಆದೆ, ಕಬ್ಬಿನ ಹಾಲಿನ ಗಾಡಿ ತಳ್ಳಿದೆ, ಕುದುರೆ ಫಾರಂನಲ್ಲಿ ಕುದುರೆ ತೊಳೆದೆ, ಗೂಡ್ಸ್ ಆಟೋ ಓಡಿಸಿದೆ. ಯಾವ ಊರಲ್ಲೂ ಹೋಟೆಲಿನವನು ನನ್ನ ಮುಖ ನೋಡಿ ಕೇಳದೇ ಕಾಫಿ ತಂದಿಡುವಷ್ಟು ದಿನ ನಿಂತವನಲ್ಲ. ಇಂಥವನು ಒಂದೇ ಕೆಲಸದಲ್ಲಿ ಇಷ್ಟು ವರ್ಷ ಹೇಗೆ ಉಳಿದೆ ಅಂತ ಕೇಳಿದರೆ, ಉತ್ತರ ಸುಲಭ: ಈ ಕೆಲಸವೇ ಒಂದು ಕಡೆ ನಿಲ್ಲಲ್ಲ. ಗುಬ್ಬಿಯ ಹುಡುಗಿಯೊಬ್ಬಳು ಪ್ರೊಫೆಷನಲ್ ಆಗಿ ಟೆನಿಸ್ ಆಡ್ತಾಳೆ. ನಾನು ಅವಳ ವ್ಯಾನ್ ಓಡಿಸ್ತೀನಿ, ಅವಳ ಬ್ಯಾಟುಗಳಿಗೆ ತಂತಿ ಕಟ್ತೀನಿ, ಆಡೋಕೆ ಯಾರೂ ಸಿಗದಿದ್ದಾಗ ಎದುರು ನಿಂತು ಸೋಲ್ತೀನಿ.

ಟೆನಿಸ್ ಅಂದ್ರೆ ಬಿಳಿ ಬಟ್ಟೆ, ಮೌನ, ಗಂಭೀರ ಅಂತ ಟೀವಿಯಲ್ಲಿ ನೋಡಿದವರು ಅಂದುಕೊಂಡಿರ್ತಾರೆ. ಒಂದು ವಾರ ನಮ್ಮ ಜೊತೆ ಬಂದರೆ ಸಾಕು. ನಗು ನಮ್ಮ ವ್ಯಾನಿನ ಸ್ಟೆಪ್ನಿ ಥರ, ಎಲ್ಲಿಗೆ ಹೋದ್ರೂ ಹಿಂದೆ ನೇತಾಡಿಕೊಂಡೇ ಬರುತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹುಡುಗಿಯ ಅಪ್ಪನಿಗೆ ಗುಬ್ಬಿಯಲ್ಲಿ ಪಂಪ್ ಮೋಟರ್ ಅಂಗಡಿ. ಯಜಮಾನರು ಅಂತೀನಿ ನಾನು. ಮಗಳು ಎರಡು ವರ್ಷ ಊರೂರು ಸುತ್ತಿ, ದೊಡ್ಡ ಸುತ್ತು ಶುರುವಾಗೋದಕ್ಕೆ ಮುಂಚೆಯೇ, ಅರ್ಹತಾ ಸುತ್ತಿನಲ್ಲೇ ಸೋತು ಸೋತು ಬಂದ ಮೇಲೆ ಅವರು ಒಂದು ಷರತ್ತು ಹಾಕಿದ್ರು. ದೊಡ್ಡ ಸುತ್ತಿನಲ್ಲಿ ಒಂದು ಮ್ಯಾಚ್ ಗೆದ್ರೆ ಪ್ರಪಂಚದ ಲೆಕ್ಕಕ್ಕೆ ಒಂದು ಪಾಯಿಂಟ್ ಸೇರುತ್ತೆ. ಆ ಒಂದು ಪಾಯಿಂಟು ಈ ದಸರಾ ಒಳಗೆ ಬರಬೇಕು. ಇಲ್ಲಾಂದ್ರೆ ಬ್ಯಾಟ್ ಅಟ್ಟಕ್ಕೆ, ಹುಡುಗಿ ಅಂಗಡಿ ಗಲ್ಲಾಕ್ಕೆ.

"ಒಂದೇ ಒಂದಲ್ವೇನೋ?" ಅಂತ ಅಜ್ಜಿ, ಅಂದ್ರೆ ಯಜಮಾನರ ತಾಯಿ, ನನ್ನ ಕೇಳಿದ್ರು. "ಅಷ್ಟೂರು ಸುತ್ತೀರಾ, ಒಂದು ಎತ್ಕೊಂಡ್ ಬರಕ್ಕಾಗಲ್ವಾ?"

ಕಾಯಿ!

ನಮ್ಮ ಹುಡುಗಿ ಆಟ ಕಲಿತಿದ್ದು ಯಾವುದೇ ಕ್ಲಬ್ಬಿನಲ್ಲಲ್ಲ. ಚೇಳೂರು ರಸ್ತೆಯಲ್ಲಿ ಅವರ ತೋಟದೊಳಗೆ ಕೊಬ್ಬರಿ ಒಣಗಿಸೋಕೆ ಅಂತ ಹಾಕಿಸಿದ್ದ ಸಿಮೆಂಟ್ ಕಣ ಇದೆ. ಅದರ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ನಡುವೆ ಮೀನಿನ ಬಲೆ ಕಟ್ಟಿದ್ರು. ಎರಡೂ ಕಡೆ ತೆಂಗಿನ ಮರ. ಹಾಗಾಗಿ ಅಲ್ಲಿ ಒಂದು ಕಾನೂನಿತ್ತು: ಆಡುವಾಗ ಕಾಯಿ ಬಿದ್ದರೆ ಆ ಆಟ ಲೆಕ್ಕಕ್ಕಿಲ್ಲ, ಮತ್ತೆ ಶುರು ಮಾಡಬೇಕು. ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿರ್ತಿದ್ರು. ಸರಕ್ ಅಂದ ತಕ್ಷಣ "ಕಾಯಿ!" ಅಂತ ಕೂಗಬೇಕು, ಎಲ್ಲರೂ ಬ್ಯಾಟ್ ಎಸೆದು ತಲೆ ಮೇಲೆ ಕೈಯಿಟ್ಟು ಕೂತುಬಿಡಬೇಕು. ಚಿಕ್ಕಂದಿನಿಂದ ಹೀಗೇ ಆಡಿದ ಹುಡುಗಿ.

ಉತ್ತರದ ಕಡೆ ಒಂದೂರಿನಲ್ಲಿ ಪಂದ್ಯ. ನಮ್ಮವಳು ಮುಂದಿದ್ದಳು. ಎದುರಾಳಿ ಹೊಡೆದ ಚೆಂಡು ಮೆತ್ತಗೆ ಮೇಲೆದ್ದು ಬರ್ತಿತ್ತು, ಕಣ್ಣು ಮುಚ್ಚಿ ಹೊಡೆದರೂ ಆಚೆ ಬೀಳಬೇಕು. ಅಷ್ಟರಲ್ಲಿ ಹಿಂದಿನ ಕ್ಯಾಂಟೀನಿನವನು ನೀರಿನ ಕ್ಯಾನು ದಡ್ ಅಂತ ಇಳಿಸಿದ. ನಮ್ಮವಳು ಬ್ಯಾಟ್ ಬಿಸಾಕಿ, ತಲೆ ಮೇಲೆ ಕೈಯಿಟ್ಟು ಕೂತುಬಿಟ್ಟಳು. ಚೆಂಡು ಪಾಪ ಅವಳ ಪಕ್ಕ ಬಿದ್ದು, ಕುಪ್ಪಳಿಸಿ, ಹೊರಟುಹೋಯ್ತು.

ಅಂಪೈರ್ ಹಿಂದಿಯಲ್ಲಿ, "ಏನಾಯ್ತು?" ಅಂದ.

"ತೆಂಗಿನಕಾಯಿ" ಅಂದಳು.

ಅವನು ಮೇಲೆ ನೋಡಿದ. ಆ ಜಿಲ್ಲೆಯಲ್ಲೇ ತೆಂಗಿನ ಮರ ಇಲ್ಲ. ಪಾಯಿಂಟ್ ಹೋಯ್ತು, ಮ್ಯಾಚೂ ಹೋಯ್ತು. ಆದ್ರೆ ಗೆದ್ದ ಹುಡುಗಿಗೂ ನೆಮ್ಮದಿ ಇರಲಿಲ್ಲ. ಆಟ ಮುಗಿಯೋವರೆಗೂ ಪ್ರತಿ ಸರ್ವಿಸಿಗೆ ಮುಂಚೆ ಒಂದು ಸಲ ಆಕಾಶ ನೋಡಿಕೊಳ್ತಿದ್ದಳು.

ಹುರುಳಿ

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಜಮಾನರು, "ಆಟಗಾರರನ್ನ ನೋಡ್ಕೊಂಡು ಅಭ್ಯಾಸ ಐತೇನಯ್ಯಾ?" ಅಂದ್ರು. ಐತೆ ಅಂದೆ. ಸುಳ್ಳಲ್ಲ. ಕುಣಿಗಲ್‌ನಲ್ಲಿ ರೇಸಿನ ಕುದುರೆಗಳನ್ನ ನೋಡ್ಕೊಂಡಿದ್ದೆ. ಎರಡು ಕಾಲೋ ನಾಲ್ಕು ಕಾಲೋ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಗೊತ್ತಿದ್ದ ಕೆಲಸ ಗೊತ್ತಿದ್ದ ಹಾಗೇ ಮಾಡಿದೆ. ಓಡಿ ಬಂದ ತಕ್ಷಣ ನೀರು ಕೊಡ್ತಿರಲಿಲ್ಲ. ಹೆಗಲ ಮೇಲೆ ಟವೆಲ್ ಹಾಕಿ, ಕಣದ ಸುತ್ತ ನಿಧಾನಕ್ಕೆ ನಡೆಸ್ತಿದ್ದೆ. ನಡೆಸುವಾಗ ಬಾಯಲ್ಲಿ ತಾನಾಗೇ 'ಟಕ್ ಟಕ್' ಅಂತ ಸದ್ದು ಬರ್ತಿತ್ತು. ಆ ಸದ್ದಿಗೆ ಹುಡುಗಿ ಎಷ್ಟು ಹೊಂದಿಕೊಂಡಳು ಅಂದ್ರೆ, ನಾನು ಸುಮ್ಮನಾದ್ರೆ ಅವಳೂ ನಿಲ್ಲೋಳು. ಅಜ್ಜಿಗೆ ಹೇಳಿ ದಿನಾ ಹುರುಳಿ ನೆನೆಹಾಕಿಸಿದೆ. ಬೆಳಿಗ್ಗೆ ಹುರುಳಿಕಾಳು ಉಸ್ಲಿ, ರಾತ್ರಿ ಹುರುಳಿ ಸಾರು. ಅವಳ ಓಟ ನಿಜವಾಗಲೂ ಹೆಚ್ಚಾಯ್ತು. ನಾಯಿ ಅಟ್ಟಿಸಿಕೊಂಡು ಬಂದ್ರೂ ನಾಯಿಗೇ ಸುಸ್ತು.

ಒಂದು ದಿನ ಸುತ್ತು ಹೊಡೀತಿದ್ದಾಗ ಹುಡುಗಿ ಕೇಳಿದಳು, "ಅಣ್ಣ, ನನಗಿಂತ ಮುಂಚೆ ಯಾರನ್ನ ನೋಡ್ಕೋತಿದ್ರಿ?"

"ಒಬ್ಬಳಿದ್ದಳು. ಬಹಳ ಚೆನ್ನಾಗಿ ಓಡ್ತಿದ್ದಳು. ಮೈಸೂರಲ್ಲೂ ಗೆದ್ದಿದ್ದಳು."

"ಹೌದಾ? ನನಗಿಂತ ಚೆನ್ನಾಗಾ?"

"ನಿನಗಿಂತ ಸ್ವಲ್ಪ ಮುಂಗೋಪ ಜಾಸ್ತಿ. ಒದೀತಿದ್ದಳು."

"ಈಗೆಲ್ಲಿದಾಳೆ?"

"ರಿಟೈರ್ ಆದ್ಲು. ಎರಡು ಮರಿ ಹಾಕ್ಕೊಂಡು ಆರಾಮಾಗವ್ಳೆ."

ಹುಡುಗಿ ನಿಂತುಬಿಟ್ಟಳು. ಆವತ್ತು ನಾನು ಎಷ್ಟು ಟಕ್ ಟಕ್ ಅಂದ್ರೂ ಮುಂದಕ್ಕೆ ಹೆಜ್ಜೆ ಇಡಲಿಲ್ಲ.

ಹೆಣ್ಣು ನೋಡೋಕೆ ಬಂದವರು

ಆಷಾಢ ಮುಗಿದ ಮೇಲೆ ಗೂಳೂರಿನ ಕಡೆಯ ಒಂದು ಮನೆಯವರು ಹೆಣ್ಣು ನೋಡೋಕೆ ಬರ್ತೀವಿ ಅಂತ ಹೇಳಿ ಕಳಿಸಿದ್ರು. ಯಜಮಾನರು ಕರೆದಿರಲಿಲ್ಲ, ಬೇಡ ಅನ್ನೋಕೂ ನಾಲಿಗೆ ಬರಲಿಲ್ಲ. ಬರೋರು ಬಂದು ಉಪ್ಪಿಟ್ಟು ತಿಂದು ಹೋಗಲಿ ಅಂತ ಸುಮ್ಮನಾದ್ರು.

ಹುಡುಗಿ ಸೀರೆ ಉಟ್ಟು ಕಾಫಿ ತಂದಳು. ಗಂಡಿನ ತಾಯಿ ವಾಡಿಕೆಯಂತೆ ಮೊದಲು ಮುಖ ನೋಡಿದ್ರು, ಆಮೇಲೆ ಕೈ ನೋಡಿದ್ರು, ಆಮೇಲೆ ಪಾದ ನೋಡಿದ್ರು, ಮತ್ತೆ ಗಾಬರಿಯಿಂದ ಮುಖ ನೋಡಿದ್ರು. ವರ್ಷಪೂರ್ತಿ ಬಿಸಿಲಲ್ಲಿ ಆಡೋ ಹುಡುಗಿ, ಕೈ ಮುಖ ಎಲ್ಲ ಕಾದ ಹೆಂಚಿನ ಬಣ್ಣ. ಪಾದ ಮಾತ್ರ ಸಾಕ್ಸ್ ಒಳಗಿದ್ದು ಈಗ ಸುಲಿದ ಬಾಳೆಹಣ್ಣಿನ ಹಾಗೆ. ಆಕೆ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸ್ತು: "ಮೇಲಿರೋಳು ಒಬ್ಬಳು, ಪಾದ ಇನ್ಯಾರದ್ದೋ ಇದ್ದಂಗೈತೆ."

ಆಮೇಲೆ ತಂದಿದ್ದ ಗಾಜಿನ ಬಳೆ ತೊಡಿಸೋಕೆ ಹೋದ್ರು. ಎಡಗೈಗೆ ಸಲೀಸಾಗಿ ಹೋದ ಬಳೆ ಬಲಗೈಯಲ್ಲಿ ಹೆಬ್ಬೆರಳು ದಾಟಲಿಲ್ಲ. ಬ್ಯಾಟ್ ಹಿಡಿದೂ ಹಿಡಿದೂ ಆ ಕೈ ಒಂದು ಸೈಜ್ ದೊಡ್ಡದಾಗಿತ್ತು.

ಗಂಡಿನ ತಂದೆ ಗಂಟಲು ಸರಿಮಾಡಿಕೊಂಡು, "ಹುಡುಗಿ ಏನ್ ಮಾಡ್ಕೊಂಡವ್ಳೆ?" ಅಂದ್ರು.

"ಹೊಡೀತಾಳೆ" ಅಂದ್ರು ಯಜಮಾನರು.

"ಯಾರಿಗೆ?"

"ಎದುರಿಗೆ ಯಾರು ನಿಂತಿರ್ತಾರೋ ಅವರಿಗೆ."

ಕಾಫಿ ಬೇಗ ಮುಗೀತು. ಸಂಜೆ ಮಧ್ಯಸ್ಥಿಕೆಯವನ ಫೋನ್ ಬಂತು. ಹುಡುಗನಿಗೆ ಒಪ್ಪಿಗೆಯಂತೆ, ಆದ್ರೆ ಅವರಮ್ಮನಿಗೆ ಒಂದು ಅನುಮಾನವಂತೆ. "ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಂತ್ರೆ ಏನೂ ಮಾಡಲ್ವಾ ಅಂತ ಕೇಳ್ತಾವ್ರೆ."

ಅಜ್ಜಿ ಫೋನ್ ಕಿತ್ತುಕೊಂಡು ಹೇಳಿದ್ರು, "ಪಕ್ಕದಲ್ಲಿ ನಿಂತ್ರೆ ಡಬಲ್ಸ್ ಆಡ್ತಾಳೆ ಅಂತ ಹೇಳಪ್ಪ. ಆದ್ರೆ ಹುಡುಗನಿಗೆ ಬ್ಯಾಕ್‌ಹ್ಯಾಂಡ್ ಚೆನ್ನಾಗಿರ್ಬೇಕು."

ತಟ್ಟೆ ಇಡ್ಲಿ

ದಸರಾ ಹತ್ತಿರ ಬಂತು, ಪಾಯಿಂಟ್ ಬರಲಿಲ್ಲ. ಕೊನೆಗೆ ಉಳಿದಿದ್ದು ಒಂದೇ ಟೂರ್ನಿ, ಅದೂ ನಮ್ಮ ತುಮಕೂರಲ್ಲೇ. ನವರಾತ್ರಿ ವಾರದಲ್ಲಿ. ಮೊದಲು ಅರ್ಹತಾ ಸುತ್ತು, ಅದರಲ್ಲಿ ಗೆದ್ರೆ ದೊಡ್ಡ ಸುತ್ತು.

ಅಜ್ಜಿ ಅಲ್ಲಿವರೆಗೂ ಕಣ ಬಿಟ್ಟು ಬೇರೆ ಕಡೆ ಮೊಮ್ಮಗಳ ಆಟ ನೋಡಿರಲಿಲ್ಲ. ಬರ್ತೀನಿ ಅಂತ ಹಠ ಹಿಡಿದ್ರು. ಕ್ಯಾತ್ಸಂದ್ರದವರೆಗೂ ಹೋಗಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡೇ ಬರಬೇಕು ಅಂದ್ರು, ಹೋಗಿ ಕಟ್ಟಿಸಿಕೊಂಡು ಬಂದೆವು. ಆಟದ ನಡುವೆ ಆಟಗಾರರು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳೋ ಹೊತ್ತಿಗೆ ಅಜ್ಜಿ ಬೇಲಿ ಸಂದಿಯಿಂದ ಇಡ್ಲಿ ಪೊಟ್ಟಣ ತೂರಿಸಿದ್ರು. ಜೊತೆಗೆ ಒಂದು ಉದ್ದ ಭಾಷಣ.

ಅಂಪೈರ್ ಉತ್ತರದ ಕಡೆಯವರು. ಹೊರಗಿನಿಂದ ಆಟದ ಸಲಹೆ ಕೊಡ್ತಿದಾರೆ ಅಂತ ಅನುಮಾನ ಬಂತು. ನನ್ನನ್ನ ಕರೆದು, "ಆಕೆ ಹೇಳಿದ್ದನ್ನ ಹಿಂದಿಗೆ ಅನುವಾದ ಮಾಡು" ಅಂದ್ರು.

ಮಾಡಿದೆ. "ಬಿಸಿ ಇರುವಾಗಲೇ ತಿನ್ನಬೇಕಂತೆ. ಚಟ್ನಿಯಲ್ಲಿ ಖಾರ ಇದೆಯಂತೆ, ಅಂಚಿನಿಂದ ಶುರು ಮಾಡಬೇಕಂತೆ. ಅವಸರ ಮಾಡಬಾರದಂತೆ. ಮಧ್ಯದ ಭಾಗ ಕೊನೆಗೆ ಇಟ್ಟುಕೋಬೇಕಂತೆ."

ಅಂಪೈರ್ ಮುಖ ಗಂಭೀರವಾಯ್ತು. "ಅಂಚಿನಿಂದ ಶುರು ಮಾಡು, ಅವಸರ ಬೇಡ, ಮಧ್ಯಕ್ಕೆ ಕೊನೆಯಲ್ಲಿ ಬಾ. ಇದು ಆಟದ ಯೋಜನೆ ಅಲ್ಲದೆ ಇನ್ನೇನು?" ಅಂತ ಎಚ್ಚರಿಕೆ ಕೊಟ್ಟೇಬಿಟ್ಟರು.

ನಮ್ಮವಳು ಅಂಚಿಗೆ ಹೊಡೆದೂ ಹೊಡೆದೂ ಗೆದ್ದಳು. ಆಟ ಮುಗಿದ ಮೇಲೆ ಅಂಪೈರ್ ಸಾಹೇಬ್ರು ಅಜ್ಜಿ ಹತ್ತಿರ ಬಂದು, ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ನೋಡಿ, ನನ್ನ ಕಿವಿಯಲ್ಲಿ ಕೇಳಿದ್ರು: "ಆ ಯೋಜನೆ ಇನ್ನೊಂದು ಉಳಿದಿದೆಯಾ?"

ಆಯುಧ ಪೂಜೆ

ದೊಡ್ಡ ಸುತ್ತಿಗೆ ಬಂದಳು ಹುಡುಗಿ. ಇನ್ನೊಂದು ಮ್ಯಾಚ್, ಒಂದು ಪಾಯಿಂಟ್. ಆ ಮ್ಯಾಚ್ ಬಿದ್ದಿದ್ದು ಆಯುಧ ಪೂಜೆ ದಿವಸ ಬೆಳಿಗ್ಗೆ.

ಹಿಂದಿನ ರಾತ್ರಿ ನಾನು ತಂತಿ ಕಟ್ಟಿ ಮಲಗಿದ್ದೆ. ಎದ್ದು ನೋಡಿದ್ರೆ ಬ್ಯಾಟುಗಳಿಲ್ಲ. ಅಜ್ಜಿ ಕೋಳಿ ಕೂಗೋಕೆ ಮುಂಚೆಯೇ ಎದ್ದು, ಅಂಗಡಿಯ ಸ್ಪ್ಯಾನರು, ಕುಡುಗೋಲು, ಈಳಿಗೆಮಣೆ, ನನ್ನ ತಂತಿ ಕಟ್ಟೋ ಮೆಷೀನು, ಅದರ ಜೊತೆ ಅಷ್ಟೂ ಬ್ಯಾಟುಗಳನ್ನ ದೇವರ ಮುಂದೆ ಸಾಲಾಗಿ ಜೋಡಿಸಿ ಪೂಜೆ ಮಾಡಿಬಿಟ್ಟಿದ್ರು. ಆ ಮನೆಯ ಪದ್ಧತಿ ಏನಂದ್ರೆ, ಪೂಜೆಗಿಟ್ಟ ಆಯುಧ ಮಾರನೇ ದಿನ ವಿಜಯದಶಮಿಗೇ ಎತ್ತೋದು. ಅಲ್ಲಿವರೆಗೂ ಅವಕ್ಕೆ ರಜ.

"ಅಜ್ಜಿ, ಮ್ಯಾಚ್ ಇವತ್ತು" ಅಂದಳು ಹುಡುಗಿ. ಅವಳ ದನಿ ಅಷ್ಟು ಸಣ್ಣಗಾಗಿದ್ದು ನಾನು ಕೇಳಿರಲಿಲ್ಲ.

"ನಾಳೆ ಇಟ್ಕೊಳ್ಳಕ್ಕೆ ಹೇಳು. ಅವರ ಮನೇಲಿ ಪೂಜೆ ಇಲ್ವಾ?"

"ಅಜ್ಜಿ, ಅದು ಹಂಗೆಲ್ಲ ಆಗಲ್ಲ."

"ಇಟ್ಟ ಆಯುಧ ನಾನ್ ಎತ್ತಿ ಅಂತ ಹೆಂಗೆ ಹೇಳ್ಲವ್ವ? ನಿಮ್ ತಾತನ ಕಾಲ್ದಿಂದ ಯಾರೂ ಎತ್ತಿಲ್ಲ."

"ಬೇರೆ ಯಾರದ್ದಾದ್ರೂ ಬ್ಯಾಟ್ ಕೇಳೋಣ" ಅಂದೆ ನಾನು. ಹುಡುಗಿ ನನ್ನ ಕಡೆ ತಿರುಗಿ, "ಬೇರೆಯವರ ಹಲ್ಲು ಹಾಕ್ಕೊಂಡು ಚಕ್ಕುಲಿ ತಿನ್ನು ಅಂದಂಗೈತೆ ಅಣ್ಣ" ಅಂದಳು.

ಯಜಮಾನರು ಗೋಡೆಗೆ ಒರಗಿ ನಿಂತಿದ್ರು. ಷರತ್ತು ಹಾಕಿದ ಮನುಷ್ಯ. ಬ್ಯಾಟ್ ಏಳದಿದ್ರೆ ಅವರು ಗೆದ್ದ ಹಾಗೇ. ಮುಖ ನೋಡಿದ್ರೆ ಏನೂ ಗೊತ್ತಾಗ್ತಿರಲಿಲ್ಲ.

ನನಗೆ ಒಂದು ದಾರಿ ಹೊಳೀತು. "ಅಜ್ಜಿ, ನೀವೂ ಬೇಡ ನಾವೂ ಬೇಡ. ದೇವರನ್ನೇ ಕೇಳೋಣ. ಹೂ ಕೇಳೋಣ."

ನಮ್ಮ ಕಡೆ ಏನೇ ಗೊಂದಲ ಬಂದ್ರೂ ಹೂ ಕೇಳೋದುಂಟು. ದೇವರ ಎರಡೂ ಪಕ್ಕ ಹೂವಿಟ್ಟು ಕೈಮುಗಿದು ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಅಜ್ಜಿ ಒಪ್ಪಿದ್ರು. ತಾವೇ ಸೇವಂತಿಗೆ ತಂದು ಎರಡೂ ಕಡೆ ಇಟ್ಟು, ಕಣ್ಣು ಮುಚ್ಚಿ ಕೂತ್ರು.

ಕಾದೆವು. ದೇವರಿಗೆ ಯಾವ ಅವಸರವೂ ಇರಲಿಲ್ಲ. ಗುಬ್ಬಿಯಲ್ಲಿ ಆವತ್ತು ಒಂದೆಲೆ ಅಲ್ಲಾಡ್ತಿರಲಿಲ್ಲ. ಹುಡುಗಿ ಶೂ ಹಾಕಿಕೊಂಡೇ ಬಾಗಿಲ ಹೊರಗೆ ನಿಂತು ಉಗುರು ಕಚ್ಚುತ್ತಿದ್ದಳು. ನಾನು ಮೊದಲು ಹೂ ನೋಡಿದೆ, ಆಮೇಲೆ ಗಡಿಯಾರ ನೋಡಿದೆ, ಆಮೇಲೆ ಯಜಮಾನರನ್ನ ನೋಡಿದೆ. ಅವರೂ ಕಣ್ಣು ಮುಚ್ಚಿ ಭಕ್ತಿಯಿಂದ ಕೈಮುಗಿದಿದ್ರು. ನೋಡ್ತಾ ನೋಡ್ತಾ ಆ ಮುಗಿದ ಕೈಗಳಲ್ಲಿ ಒಂದು ಮೆಲ್ಲಗೆ ಕಳಚಿಕೊಂಡಿತು. ಬೆನ್ನ ಹಿಂದೆ ಹೋಯ್ತು. ಅಲ್ಲಿ ಸ್ವಿಚ್ ಬೋರ್ಡಿತ್ತು.

ಪಂಪ್ ಮೋಟರ್ ರಿಪೇರಿ ಮಾಡೋರ ಮನೆ ಫ್ಯಾನು ಅದು. ಶುರುವಾದ್ರೆ ಹೆಲಿಕಾಪ್ಟರು. ಬಲಗಡೆ ಹೂ ಬಿತ್ತು. ಹಿಂದೆಯೇ ಎಡಗಡೆಯದು, ಹಾರ, ಪತ್ರೆ, ಅಕ್ಷತೆ, ಕ್ಯಾಲೆಂಡರು. ಕುಂಕುಮದ ಬಟ್ಟಲು ಎದ್ದು ಹೋಗಿ ಬ್ಯಾಟುಗಳ ಮೇಲೆ ಪೂರ್ತಿ ಸುರೀತು. ಫ್ಯಾನು ನಿಂತಿತು.

ಅಜ್ಜಿ ಕಣ್ಣು ಬಿಟ್ಟು, ರಣರಂಗದ ಹಾಗಿದ್ದ ದೇವರ ಮನೆಯನ್ನ ಒಂದು ಸುತ್ತು ನೋಡಿ, ಶಾಂತವಾಗಿ ಹೇಳಿದ್ರು: "ಬಲಗಡೇದು ಮೊದ್ಲು ಬಿತ್ತು. ಎತ್ಕೊಳ್ಳವ್ವ."

"ತುಂಬಾ ಸೆಕೆ" ಅಂದ್ರು ಯಜಮಾನರು, ಯಾರೂ ಕೇಳದಿದ್ರೂ.

ವ್ಯಾನು ನಿಂಬೆಹಣ್ಣು ತುಳಿದು ತುಮಕೂರು ಸೇರಿತು. ಎದುರಾಳಿ ಪಂಜಾಬಿನ ಕಡೆಯ ಎತ್ತರದ ಹುಡುಗಿ. ಮೊದಲ ಸೆಟ್ ನಮ್ಮ ಕೈಬಿಟ್ಟಿತು. ಎರಡನೆಯದು ಹೇಗೋ ನಮ್ಮದಾಯ್ತು, ಮೂರನೆಯದಕ್ಕೆ ಚೀಲದಿಂದ ಬೇರೆ ಬ್ಯಾಟ್ ತೆಗೆದಳು. ಮೂರನೆಯದರಲ್ಲಿ ನಮ್ಮವಳ ಉಸಿರು ಕಟ್ಟಿ ಹೋಗಿತ್ತು, ಕಾಲು ಏಳ್ತಿರಲಿಲ್ಲ. ಇನ್ನೇನು ಮುಗೀತು ಅನ್ನುವಾಗ ಎದುರಿನ ಹುಡುಗಿ ಚೆಂಡು ಎತ್ತಿಕೊಂಡು ನೋಡಿ, ಮುಖ ಸಿಂಡರಿಸಿಕೊಂಡು ಅಂಪೈರಿಗೆ ತೋರಿಸಿದಳು. ಚೆಂಡೆಲ್ಲ ಕೆಂಪು.

ಯಾರಿಗಾದ್ರೂ ರಕ್ತ ಬಂದ್ರೆ ಆಟ ನಿಲ್ಲಿಸಲೇಬೇಕು, ನಿಯಮ. ಡಾಕ್ಟರ್ ಓಡಿ ಬಂದ್ರು. ನಮ್ಮ ಹುಡುಗಿಯ ಕೈ ನೋಡಿದ್ರು, ಮೊಣಕಾಲು ನೋಡಿದ್ರು, ಮೂಗು ನೋಡಿದ್ರು. "ಎಲ್ಲಿ ಗಾಯ?" ಅಂದ್ರು. "ಎಲ್ಲೂ ಇಲ್ಲ" ಅಂದಳು. ನಾನು ಬೇಲಿಯಾಚೆಯಿಂದ 'ಟಕ್ ಟಕ್' ಅಂದೆ. ಅವಳು ಟವೆಲ್ ಹೊದ್ದು ನಿಧಾನಕ್ಕೆ ಸುತ್ತು ಹಾಕೋಕೆ ಶುರು ಮಾಡಿದಳು. ಡಾಕ್ಟರ್ ಗಾಯ ಹುಡುಕಿಕೊಂಡು ಅವಳ ಹಿಂದೆ ಹಿಂದೆ. ಆ ಸುತ್ತಿನಲ್ಲಿ ಅವಳ ಉಸಿರು ಸರಿಹೋಯ್ತು. ಕೊನೆಗೆ ಡಾಕ್ಟರ್ ಬ್ಯಾಟಿನ ತಂತಿ ಮೇಲೆ ಬೆರಳಾಡಿಸಿ, ಮೂಸಿ ನೋಡಿದ್ರು. ತುಮಕೂರಿನವರೇ. ಆ ಬೆರಳನ್ನ ಹಣೆಗಿಟ್ಟುಕೊಂಡು ಹೊರಟುಹೋದ್ರು.

ಹೊಸ ಚೆಂಡು ಬಂತು, ಹೊಸ ಕಾಲು ಬಂದ ಹಾಗಾಯ್ತು. ನಮ್ಮವಳು ಸಮ ಮಾಡಿದಳು, ಮುಂದೆ ಹೋದಳು, ಇನ್ನೊಂದು ಹೊಡೆತಕ್ಕೆ ಮ್ಯಾಚ್. ಎದುರಿನವಳು ಹೊಡೆದ ಚೆಂಡು ಮೆತ್ತಗೆ ಮೇಲೆದ್ದು ಬಂತು. ಕಣ್ಣು ಮುಚ್ಚಿ ಹೊಡೆದರೂ ಆಚೆ ಬೀಳಬೇಕು.

ಅದೇ ಹೊತ್ತಿಗೆ ಕಾಂಪೌಂಡ್ ಆಚೆ ರಸ್ತೆಯಲ್ಲಿ ಯಾರೋ ಲಾರಿ ಪೂಜೆ ಮಾಡಿ ಬೂದುಗುಂಬಳಕಾಯಿ ಎತ್ತಿ ನೆಲಕ್ಕೆ ಹೊಡೆದ್ರು. ದಡ್!

ನಮ್ಮವಳ ಎಡಗೈ ತಲೆ ಕಡೆ ಹೊರಟಿತು. ಮಂಡಿ ಬಾಗಿತು.

"ಕಾಯಲ್ಲ ಕಣೇ! ಕುಂಬಳಕಾಯಿ! ಹೊಡಿಯೇ!" ಅಂತ ಅಜ್ಜಿ ಕೂಗಿದ್ದು ಕ್ಯಾತ್ಸಂದ್ರಕ್ಕೂ ಕೇಳಿಸಿರಬೇಕು.

ಬಾಗಿದ ಮಂಡಿಯಲ್ಲೇ ಹೊಡೆದಳು. ಚೆಂಡು ಮೂಲೆಗೆ ಹೋಗಿ ಬಿತ್ತು. ಅಜ್ಜಿ ಕೂಗಿದ್ದಕ್ಕೆ ಎಚ್ಚರಿಕೆ ಕೊಡಬೇಕಾದ ಅಂಪೈರ್, ಇಡ್ಲಿಯ ಅದೇ ಅಂಪೈರ್, ಆ ಹೊತ್ತಿಗೆ ಸರಿಯಾಗಿ ತಮ್ಮ ಶೂ ಲೇಸ್ ನೋಡ್ತಿದ್ರು.

ಪಾಯಿಂಟ್ ಬಂತು. ಗುಬ್ಬಿಗೆ ವಾಪಸ್ ಬರುವಾಗ ಯಜಮಾನರು ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದು, ಅಂಗಡಿ ಮುಂದೆ ಇಳಿಯುವಾಗ ಮಗಳಿಗೆ ಇಷ್ಟು ಹೇಳಿದ್ರು: "ಗಲ್ಲಾದ ಕುರ್ಚಿ ಸಣ್ಣದು. ನಿನಗೆ ಆಗಲ್ಲ ಬುಡು."

ಮತ್ತೆ ಹೊರಟಿದ್ದು

ನಾಳೆ ರೈಲು. ಉತ್ತರದ ಕಡೆ ಮೂರು ಊರಲ್ಲಿ ಒಂದಾದ ಮೇಲೊಂದು ಟೂರ್ನಿ. ಈ ಸಲ ಎಲ್ಲ ಕಡೆ ನೇರ ದೊಡ್ಡ ಸುತ್ತಿಗೇ ಹೋಗಬೇಕು ಅಂತ ಹುಡುಗಿ ಆಸೆ ಇಟ್ಟುಕೊಂಡಿದ್ದಾಳೆ. ನಾನು ಕೂತು ಗಂಟು ಕಟ್ತಿದೀನಿ. ಕೆರೆ ಏರಿ ಮೇಲೆ ಲಾರಿ ಹತ್ತಿದ ದಿನ ನನ್ನ ಹತ್ತಿರ ಇದ್ದಿದ್ದು ಒಂದು ಸ್ಕೂಲ್ ಬ್ಯಾಗು. ಈಗ ತಂತಿ ಮೆಷೀನು, ಬ್ಯಾಟಿನ ಚೀಲ, ರಾಗಿ ಹಿಟ್ಟು, ಹುರುಳಿ, ಮತ್ತೆ ಹುರುಳಿ.

ಸಂಜೆ ಯಜಮಾನರು ಒಳಗೆ ಬಂದು, ಬಾಗಿಲು ಸ್ವಲ್ಪ ಮುಂದೆ ಮಾಡಿ, ಪಿಸುಗುಟ್ಟಿದ್ರು. "ಆವತ್ತಿನ ಫ್ಯಾನಿಂದು... ಅಮ್ಮಂಗೆ ಗೊತ್ತಾಗ್ಬಾರ್ದು. ಪಾಪ, ವಯಸ್ಸಾದ ಜೀವ, ನೊಂದ್ಕೊಳ್ತಾರೆ." ಹೇಳಲ್ಲ ಅಂದೆ.

ಅವರು ಹೋದ ಹಿಂದೆಯೇ ಅಜ್ಜಿ ಬಂದ್ರು. ಕುಂಕುಮದ ಒಂದು ಪೊಟ್ಟಣವನ್ನ ಬ್ಯಾಟಿನ ಚೀಲದೊಳಗೆ ತುರುಕಿದ್ರು. ಅವರೂ ಬಾಗಿಲು ಸ್ವಲ್ಪ ಮುಂದೆ ಮಾಡಿದ್ರು.

"ಆವತ್ತಿನ ಫ್ಯಾನಿಂದು ನಂಗೊತ್ತು ಅಂತ ನನ್ ಮಗಂಗೆ ಹೇಳ್ಬೇಡ. ಪಾಪ, ನೊಂದ್ಕೊಳ್ತಾನೆ."

"ಅಜ್ಜಿ, ನೀವು ಕಣ್ಣು ಮುಚ್ಚಿದ್ರಲ್ಲ?"

"ಕಣ್ ಮುಚ್ಚಿದ್ರೆ ಸೆರಗು ಹಾರೋದು ಗೊತ್ತಾಗಲ್ವೇನ್ಲಾ? ನಾನೇ ಎತ್ತಿ ಅಂದಿದ್ರೆ ಹುಡ್ಗಿ ತಾತನ ಕಾಲ್ದಿಂದ ಬಂದಿದ್ದು ನನ್ನ ಬಾಯಿಂದ ಮುರಿದಂಗಾಗ್ತಿತ್ತು. ದೇವ್ರೇ ಹೇಳ್ದ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ. ಅದ್ಕೇ ಎಡಗಡೆ ಹೂವ ನೀರು ಹಾಕಿ ಅಂಟಿಸಿದ್ದೆ, ಬಲಗಡೇದು ಬರೀ ತುದೀಲಿ ಇಟ್ಟಿದ್ದೆ."

ನಾನು ಗಂಟು ಕಟ್ಟೋದು ಬಿಟ್ಟು ಕೇಳಿದೆ, "ಆದ್ರೂ ಅಜ್ಜಿ, ಯಜಮಾನರು ಫ್ಯಾನ್ ಹಾಕದೇ ಇದ್ದಿದ್ರೆ?"

ಅಜ್ಜಿ ಚೀಲದ ಜಿಪ್ ಎಳೆದು, ಮೇಲೆ ಒಂದು ತಟ್ಟು ತಟ್ಟಿ, ಎದ್ದು ನಿಂತ್ರು.

"ಜೋರಾಗಿ ಕೆಮ್ಮಿ ಬೀಳ್ಸಣ ಅಂತಿದ್ದೆ ಕಣಪ್ಪ. ಅಷ್ಟರಲ್ಲಿ ಅವ್ನು ಅವಸರ ಮಾಡ್ಬುಟ್ಟ."